ಹುಳು ಹಣ್ಣಾದ ದಿನ ಅರ್ಧ ಕ್ಲಾಸ್ ಖಾಲಿ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಜಾಸ್ತಿ ಮಕ್ಕಳ ಮನೆಮಾತು ತೆಲುಗು, ಮನೆಯಲ್ಲಿ ರೇಷ್ಮೆ. ಹುಳು ಹಣ್ಣಾದರೆ, ಅಂದರೆ ಗೂಡು ಕಟ್ಟಲು ಸಿದ್ಧವಾದರೆ, ಮಕ್ಕಳು ಮನೆಕೆಲಸಕ್ಕೆ ನಿಲ್ಲುತ್ತಾರೆ, ಅರ್ಧ ಕ್ಲಾಸ್ ಖಾಲಿ. ಮೊನ್ನೆ ತರಬೇತಿಯಲ್ಲಿ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಹೆಸರು ಹೇಳಿ, ಮಕ್ಕಳ ಸಂಸ್ಕೃತಿಗೆ ತಕ್ಕಂತೆ ಕಲಿಸಿ ಎಂದರು. ಕೋಲಾಟ ಆಡಿಸಿ, ಗೋಡೆಗೆ ಗೂಡಿನ ಚಿತ್ರ ಅಂಟಿಸಿದರೆ ಆಯ್ತಾ?
– ಒಬ್ಬ ಶಿಕ್ಷಕಿ

ಉತ್ತರ: ಆಗಲ್ಲ ಮೇಡಂ. ಕೋಲಾಟ ಆಡಿಸಿ, ಬೇಡ ಅನ್ನಲ್ಲ. ಆದರೆ ಲ್ಯಾಡ್ಸನ್-ಬಿಲ್ಲಿಂಗ್ಸ್ ಹೇಳಿದ್ದು ಅದಲ್ಲ.

ಆಕೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ಪಾಠ ಮಾಡಿದವರು. ಕಪ್ಪು ವರ್ಣೀಯ ಮಕ್ಕಳು ಯಾಕೆ ಹಿಂದೆ ಬೀಳುತ್ತಾರೆ ಎಂದು ಊರೆಲ್ಲ ಕೇಳುತ್ತಿದ್ದಾಗ, ಅವರಿಗೆ ಚೆನ್ನಾಗಿ ಕಲಿಸುವ ಟೀಚರುಗಳು ಏನು ಮಾಡುತ್ತಾರೆ ಎಂದು ಕೇಳಿದರು. ಮಕ್ಕಳ ಅಪ್ಪ-ಅಮ್ಮಂದಿರನ್ನೂ ಪ್ರಿನ್ಸಿಪಾಲರನ್ನೂ ವಿಚಾರಿಸಿ, ಕ್ಯಾಲಿಫೋರ್ನಿಯಾದಲ್ಲಿ ಅಂಥ ಎಂಟು ಜನರನ್ನು ಹುಡುಕಿ, ಅವರ ಕ್ಲಾಸಿನಲ್ಲೇ ಕೂತು ನೋಡಿದರು. 1995ರ ಲೇಖನದಲ್ಲಿ ಅವರು ಹೇಳಿದ್ದು ಮೂರು ಮಾತು. ಮಗು ನಿಜವಾಗಿ ಕಲಿಯಬೇಕು. ಕಲಿಯುವಾಗ ತನ್ನತನ ಬಿಡಬೇಕಾಗಿ ಬರಬಾರದು. ಸುತ್ತಲಿನ ಅನ್ಯಾಯವನ್ನು ಕೇಳುವಂತಾಗಬೇಕು. ನಮ್ಮ ತರಬೇತಿಗಳಲ್ಲಿ ಮೊದಲನೆಯದನ್ನೇ ನುಂಗಿಬಿಡುತ್ತಾರೆ ಅಲ್ವಾ!

ನಿಮ್ಮ ಕ್ಲಾಸಿಗೇ ಬನ್ನಿ. ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿದ ಹುಳುವನ್ನು ಚಂದ್ರಂಕಿಗೆ (ಗೂಡು ಕಟ್ಟಿಸುವ ತಟ್ಟೆಗೆ) ಯಾವಾಗ ಬಿಡಬೇಕು ಅಂತ ಅಲ್ಲಿನ ಹುಡುಗಿ ಮೈಬಣ್ಣ ನೋಡಿಯೇ ಹೇಳುತ್ತಾಳೆ. ಮೊದಲು ತೆಲುಗಿನಲ್ಲೇ ಹೇಳಲಿ. ಆಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ತಪ್ಪಿದ್ದರೆ ತಿದ್ದಿ, ಪಾಪ ಅಂತ ಬಿಡಬೇಡಿ. 38 ಕೆಜಿ ಗೂಡು, ಕೆಜಿಗೆ 450 ರೂಪಾಯಿ ಅಂದರೆ ಎಷ್ಟಾಯಿತು, ಸೊಪ್ಪು, ಕೂಲಿ ಕಳೆದರೆ ಕೈಗೆ ಬಂದದ್ದೆಷ್ಟು, ಒಂದೇ ದಿನ ಮಾರುಕಟ್ಟೆಯಲ್ಲಿ ಪಕ್ಕಪಕ್ಕದ ಎರಡು ಲಾಟಿಗೆ (ಮಾರಲು ಇಟ್ಟ ಗೂಡಿನ ರಾಶಿಗೆ) ಬೇರೆ ಬೇರೆ ರೇಟ್ ಯಾಕೆ? ಈ ಕೊನೆಯ ಪ್ರಶ್ನೆ ಬಂತು ಅಂದರೆ ಮೂರನೇ ಮಾತಿಗೂ ಬಂದಿರಿ.

ಇನ್ನು ಖಾಲಿ ಬೆಂಚಿನ ವಿಷಯ. 2006ರಲ್ಲಿ ಆಕೆ, ಬರೀ ಅಂಕಗಳ ಅಂತರ ಅಳೆಯಬೇಡಿ, ಈ ಮಕ್ಕಳಿಗೆ ದೇಶ ಕೊಡಬೇಕಾದ ಸಾಲ ನೋಡಿ ಎಂದರು. ನಮ್ಮ ಕಡೆಯ ಲೆಕ್ಕದಲ್ಲಿ, ಒಂದು ಬೆಳೆಯ ನಷ್ಟ ಬೇರೆ, ತಾತನ ಕಾಲದಿಂದ ಬಡ್ಡಿ ಬೆಳೆದ ಸಾಲ ಬೇರೆ. ಆದ್ದರಿಂದ ಬರದ ಮಗುವನ್ನು ಸುಮ್ನೆ ಸೋಮಾರಿ ಅನ್ನಬೇಡಿ. ಹುಳು ಯಾವತ್ತು ಹಣ್ಣಾಗುತ್ತದೆ ಅಂತ ಮನೆಯವರಿಗೆ ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತದೆ. ಕೇಳಿ, ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ. ಆ ಎರಡು ದಿನ ಭಿನ್ನರಾಶಿಯಂಥ ಹೊಸ ಪಾಠ ತೆಗೆಯಬೇಡಿ.