ಸ್ಕೂಟರ್ ಸೈಡ್ ಪ್ಯಾನೆಲ್ ಲಾಕ್ ಮುರಿದರೆ ಹೊಸದೇ ಬೇಕಾ?

ಸರ್ವಿಸ್ ಆದ ಮೇಲೆ ಸೈಡ್ ಪ್ಯಾನೆಲ್ ಗಡಗಡ ಅನ್ನುತ್ತಿದೆ ಅಂದರೆ, ಬಿಚ್ಚುವಾಗ ಒಳಗಿನ ಲಾಕ್, ಅಂದರೆ ಪ್ಯಾನೆಲನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿ, ಮುರಿದಿರಬೇಕು. ಸ್ಕ್ರೂ ಸಡಿಲ ಆಗಿರಲೂಬಹುದು, ಮೊದಲು ಅದನ್ನು ನೋಡಿ. ಲಾಕೇ ಮುರಿದಿದ್ದರೂ ಸುಮ್ನೆ ಇಡೀ ಪ್ಯಾನೆಲ್ ಬದಲಿಸಬೇಡಿ.

ಪ್ಯಾನೆಲ್ ಬಿಚ್ಚಿ ಹಿಂಬದಿ ನೋಡಿ. ಯಾವ ಬಗೆಯ ಪ್ಲಾಸ್ಟಿಕ್ ಅನ್ನುವುದಕ್ಕೆ ಎಬಿಎಸ್ (ABS) ಅಥವಾ ಪಿಪಿ (PP) ಅಂತ ಸಾಮಾನ್ಯವಾಗಿ ಅಚ್ಚು ಇರುತ್ತದೆ. ಎಬಿಎಸ್ ಆದರೆ ಮುರಿದ ಜಾಗದ ಸುತ್ತ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ತುಂಡನ್ನು ಸೂಪರ್ ಗ್ಲೂ ಹಾಕಿ ಕೂರಿಸಿ. ಬುಡಕ್ಕೆ ಚಿಟಿಕೆ ಅಡುಗೆ ಸೋಡಾ ಉದುರಿಸಿ, ಅದರ ಮೇಲೆ ಇನ್ನೆರಡು ಹನಿ ಗ್ಲೂ ಬಿಡಿ. ಕ್ಷಣದಲ್ಲೇ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಬಿಸಿ ಏರುತ್ತದೆ, ಬೆರಳು ದೂರ ಇರಲಿ.

ಪಿಪಿಗೆ ಈ ಗ್ಲೂ ಹಿಡಿಯುವುದಿಲ್ಲ. ಸೋಲ್ಡರಿಂಗ್ ಐರನ್‌ನಿಂದ ಕರಗಿಸಿಯೇ ಬೆಸೆಯಬೇಕು, ಅದೂ ಗಾಳಿ ಆಡುವ ಕಡೆ. ಬಿರುಕಿಗೆ ಅಡ್ಡವಾಗಿ ಸ್ಟೇಪ್ಲರ್ ಪಿನ್ ಇಟ್ಟು, ಐರನ್‌ನಿಂದ ಒತ್ತಿ ಒಳಗೆ ಇಳಿಸಿದರೆ ಜಾಸ್ತಿ ಬಾಳಿಕೆ. ಅರ್ಧ ದಪ್ಪಕ್ಕಿಂತ ಆಳ ಬೇಡ. ನಾನು ಮೊದಲ ಸಲ ಹೊರಗಿನ ಪೇಂಟ್‌ವರೆಗೂ ಸುಟ್ಟುಹಾಕಿದ್ದೆ!

ಮತ್ತೆ ಕೂರಿಸುವ ಮುಂಚೆ, ಲಾಕ್ ಹೋಗಿ ಕೂರುವ ತೂತಿನಲ್ಲಿ ರಬ್ಬರ್ ಬುಷ್ ಇತ್ತಾ ನೋಡಿ. ಅದು ಬಿದ್ದುಹೋಗಿದ್ದರೆ ಲಾಕ್ ಸರಿಯಾದರೂ ಸದ್ದು ನಿಲ್ಲುವುದಿಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹಳೆಯದನ್ನು ತೋರಿಸಿ ಕೇಳಿ.