ರಾತ್ರಿ ಎದೆ ದಡದಡ ಎಂದರೆ ಮೊದಲು ನಾಡಿ ಎಣಿಸಿ

ಬಸಿರು–ಬಾಣಂತನ: ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ
(ಉತ್ತರಿಸುವವರು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದ ನರ್ಸ್)

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ಚೊಚ್ಚಲ ಬಸಿರು, ಈಗ 34ನೇ ವಾರ. ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದೇನೆ. ನಮ್ಮೂರು ಸಾಗರ ತಾಲ್ಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ಆಚೆ. ಹಗಲೆಲ್ಲ ಚೆನ್ನಾಗಿರುತ್ತೇನೆ. ರಾತ್ರಿ ಅಂಗಾತ ಮಲಗಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಎದೆ ದಡದಡ ಹೊಡೆದುಕೊಳ್ಳುತ್ತದೆ, ಬಡಿತ ಕಿವಿಗೇ ಕೇಳುತ್ತದೆ. ಉಸಿರು ಸಾಲುವುದಿಲ್ಲ, ಬೆರಳ ತುದಿ ಜುಮುಜುಮು ಎನ್ನುತ್ತದೆ. ಆಮೇಲೆ ಒಂದೇ ಯೋಚನೆ: ಹೆರಿಗೆಯಲ್ಲಿ ನಾನು ಉಳಿಯುತ್ತೇನಾ, ಮಗು ಉಳಿಯುತ್ತದಾ? ಎದ್ದು ಜಗಲಿಯಲ್ಲಿ ಕೂತುಬಿಡುತ್ತೇನೆ. ಸೀಮಂತದ ದಿನ ಅತ್ತೆಯೊಬ್ಬರು ತಮ್ಮ ಹೆರಿಗೆಯ ಕಥೆ ಹೇಳಿದರು. ಸಂಜೆಗೆ ಹಿನ್ನೀರು ದಾಟಿಸುವ ಲಾಂಚ್ ನಿಂತುಹೋಗಿತ್ತಂತೆ, ರಾತ್ರಿಯಿಡೀ ನೋವು ತಿಂದು ದಡದಲ್ಲೇ ಕಾದರಂತೆ. ಹೋದ ವರ್ಷ ಚಿಕ್ಕಪ್ಪನ ಮಗಳಿಗೆ ಹೆರಿಗೆಯಾದ ಮೇಲೆ ರಕ್ತ ಹೋಗಿ ಶಿವಮೊಗ್ಗಕ್ಕೆ ಕರೆದೊಯ್ದರು, ಈಗ ಅವಳು ಚೆನ್ನಾಗಿದ್ದಾಳೆ. ಕಳೆದ ತಿಂಗಳು ತಪಾಸಣೆಗೆ ಹೋದಾಗ ಬಿಪಿ ಸರಿಯಿದೆ, ಸ್ಕ್ಯಾನಿಂಗ್ ಸರಿಯಿದೆ ಎಂದರು. ಎದೆಬಡಿತದ ವಿಷಯ ಹೇಳಲು ನನಗೇ ಸಂಕೋಚವಾಯಿತು. ಏಳನೇ ತಿಂಗಳಲ್ಲಿ ಹಿಮೋಗ್ಲೋಬಿನ್ 9.2 ಇತ್ತು. ಕೆಂಪು ಮಾತ್ರೆ ತಿಂದರೆ ಹೊಟ್ಟೆ ತೊಳೆಸುತ್ತದೆ, ಮಲಬದ್ಧತೆ ಬೇರೆ. ಹಾಗಾಗಿ ಬಿಟ್ಟು ತಿಂಗಳಾಯಿತು, ಬೀಟ್‌ರೂಟ್, ಖರ್ಜೂರ ತಿನ್ನುತ್ತಿದ್ದೇನೆ. ಇದು ಬರೀ ಹೆದರಿಕೆಯಾ, ಹೃದಯದ ಕಾಯಿಲೆಯಾ?
— ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ಎದೆಬಡಿತದ ಬಗ್ಗೆ ಇಷ್ಟು ಬರೆದು, ಹಿಮೋಗ್ಲೋಬಿನ್ 9.2 ಎಂಬುದನ್ನು ಕೊನೆಯಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 9.2 ಇದ್ದಾಗ ಮಾತ್ರೆ ಬಿಟ್ಟಿದ್ದೀರಿ ಎಂದರೆ ಈಗ ಅದು ಇನ್ನೂ ಇಳಿದಿರಬಹುದು. ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾದಾಗ ಹೃದಯ ಅದನ್ನು ಸರಿದೂಗಿಸಲು ಬೇಗಬೇಗ ಬಡಿಯುತ್ತದೆ. ನಿಮ್ಮ ಎದೆ ದಡದಡ ಎನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು, ಮತ್ತು ಇದು ಸರಿಪಡಿಸಬಹುದಾದ ಕಾರಣ. ಮುಂದಿನ ತಪಾಸಣೆವರೆಗೆ ಕಾಯಬೇಡಿ, ಈ ವಾರವೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಬೀಟ್‌ರೂಟ್, ಖರ್ಜೂರ ಖಂಡಿತ ತಿನ್ನಿ. ಆದರೆ ಮಾತ್ರೆಯ ಕೆಲಸ ಅವುಗಳಿಂದ ಆಗುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಕೆಂಪು ಮಾತ್ರೆ ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ, ಅಷ್ಟನ್ನು ದಿನಾ ಊಟದಿಂದಲೇ ಪಡೆಯುವುದು ಆಗದ ಮಾತು. ಹೊಟ್ಟೆ ತೊಳೆಸಿದರೆ ಖಾಲಿ ಹೊಟ್ಟೆಯಲ್ಲಿ ಬೇಡ, ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ. ಕಾಫಿ, ಚಹಾ, ಹಾಲಿನ ಜೊತೆ ನುಂಗಿದರೆ ಅದು ಮೈಗೆ ಹತ್ತುವುದೇ ಕಡಿಮೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ತಿನ್ನಬಾರದು, ಹೊತ್ತು ಬೇರೆ ಮಾಡಿಕೊಳ್ಳಿ. ಮಲ ಕಪ್ಪಗಾಗುತ್ತದೆ, ಅದಕ್ಕೆ ಗಾಬರಿ ಬೇಡ. ಇಷ್ಟಾದರೂ ಒಗ್ಗದಿದ್ದರೆ, ಅಥವಾ ದಿನ ಹತ್ತಿರ ಬಂದಿದ್ದು ಹಿಮೋಗ್ಲೋಬಿನ್ ಏರದಿದ್ದರೆ, ಕಬ್ಬಿಣಾಂಶವನ್ನು ಡ್ರಿಪ್ಪಿನಲ್ಲಿ ರಕ್ತನಾಳಕ್ಕೇ ಕೊಡುತ್ತಾರೆ. "ಮಾತ್ರೆ ನನಗೆ ಆಗುವುದಿಲ್ಲ, ಡ್ರಿಪ್ ಹಾಕಿಸಬಹುದಾ?" ಎಂದು ನೀವೇ ಬಾಯಿಬಿಟ್ಟು ಕೇಳಿ.

ಈಗ ಹೃದಯದ ವಿಷಯ. ದಿನ ತುಂಬುತ್ತಾ ಬಂದಂತೆ ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಮೊದಲಿಗಿಂತ ಶೇ 40–50ರಷ್ಟು ಹೆಚ್ಚಾಗಿರುತ್ತದೆ. ಅಷ್ಟನ್ನೂ ಸುತ್ತಿಸಬೇಕಾದ ಹೃದಯ ನಿಮಿಷಕ್ಕೆ 10ರಿಂದ 20 ಬಡಿತ ಹೆಚ್ಚು ಬಡಿಯುತ್ತದೆ. ಮೆಟ್ಟಿಲು ಹತ್ತಿದಾಗ, ಊಟವಾದ ಮೇಲೆ, ಬಿಸಿನೀರು ಹುಯ್ದುಕೊಂಡಾಗ ಅದು ಗೊತ್ತಾಗುವುದು ಸಹಜ. ನೀವು ಅಂಗಾತ ಮಲಗುತ್ತೀರಿ ಎಂದೂ ಬರೆದಿದ್ದೀರಿ. ತುಂಬಿದ ಗರ್ಭಕೋಶ ಬೆನ್ನೆಲುಬಿನ ಮುಂದೆ ಹಾದುಹೋಗುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಕಾಲಿನ ಕಡೆಯಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಬಿಪಿ ಇಳಿಯುತ್ತದೆ, ತಲೆ ಹಗುರಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ವಾರ್ಡಿನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಮಗುವಿನ ಎದೆಬಡಿತ ಕೇಳಲು ಅಂಗಾತ ಮಲಗಿಸಿದ ಹುಡುಗಿ ಬೆವೆತು, ಮುಖ ಬಿಳಿಚಿ, "ಸಿಸ್ಟರ್, ಏನೋ ಆಗ್ತಿದೆ" ಎನ್ನುತ್ತಿದ್ದಳು. ಎಡಮಗ್ಗುಲಿಗೆ ತಿರುಗಿಸಿ ಬೆನ್ನ ಹಿಂದೆ ದಿಂಬು ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಬಣ್ಣ ಮರಳುತ್ತಿತ್ತು. ಇಂದಿನಿಂದಲೇ ಎಡಮಗ್ಗುಲಾಗಿ, ಮೊಣಕಾಲುಗಳ ನಡುವೆ ಒಂದು ದಿಂಬಿಟ್ಟು ಮಲಗಿ. ನಿದ್ದೆಯಲ್ಲಿ ಅಂಗಾತವಾದರೆ ಹೆದರಬೇಡಿ, ಎಚ್ಚರವಾದಾಗ ತಿರುಗಿಕೊಂಡರೆ ಸಾಕು. ಸಂಜೆಯ ಮೇಲಿನ ಕಾಫಿ ಬಿಡಿ.

ರಾತ್ರಿ ಎದೆ ದಡದಡ ಎಂದಾಗ ಮಾಡಬೇಕಾದ್ದು ಇದು. ಎದ್ದು ಕಾಲು ಇಳಿಬಿಟ್ಟು ಕುಳಿತುಕೊಳ್ಳಿ, ದೀಪ ಹಾಕಿ. ಎಡಗೈಯ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಬಲಗೈಯ ಎರಡು ಬೆರಳಿಟ್ಟರೆ ನಾಡಿ ಸಿಗುತ್ತದೆ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದಕ್ಕೂ ಮಿಡಿತವಿದೆ. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ, ಗಂಟೆ ಸಮೇತ ನೋಟುಬುಕ್ಕಿನಲ್ಲಿ ಬರೆದಿಡಿ. ಆಮೇಲೆ ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಎಳೆದು, ತುಟಿ ಚೂಪು ಮಾಡಿ ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಬಿಡುವ ಉಸಿರು ಉದ್ದವಿರಬೇಕು, ಅದೇ ಮುಖ್ಯ. ಹೆದರಿದಾಗ ಉಸಿರು ಸಾಲದೆನಿಸಿ ಬೇಗಬೇಗ ಎಳೆದುಕೊಳ್ಳುತ್ತೇವೆ, ಬೆರಳು ಜುಮುಜುಮು ಎನ್ನುವುದು ಸಾಮಾನ್ಯವಾಗಿ ಅದರಿಂದಲೇ. ಗಾಬರಿಯ ಇಂಥ ಅಲೆ ಹತ್ತು ನಿಮಿಷದೊಳಗೆ ತುತ್ತತುದಿಗೇರಿ ಇಳಿಯತೊಡಗುತ್ತದೆ. ಹದಿನೈದು ನಿಮಿಷದ ನಂತರ ಇನ್ನೊಮ್ಮೆ ಎಣಿಸಿ ಬರೆಯಿರಿ. ಆ ಪುಟವನ್ನು ಡಾಕ್ಟರಿಗೆ ತೋರಿಸಿ. "ಎದೆ ಹೊಡೆದುಕೊಳ್ಳುತ್ತೆ" ಎಂಬ ಮಾತಿಗಿಂತ "ರಾತ್ರಿ 2ಕ್ಕೆ 116 ಇತ್ತು, ಕಾಲು ಗಂಟೆಯ ಮೇಲೆ 92ಕ್ಕೆ ಬಂತು" ಎಂಬ ಬರಹ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಂಕೋಚವಿದ್ದರೆ ಬಾಯಿಂದ ಹೇಳುವುದೂ ಬೇಡ, ಪುಸ್ತಕವನ್ನೇ ಮುಂದಿಡಿ.

ಎಣಿಸುತ್ತ ಕೂರಬಾರದ ಸಂದರ್ಭಗಳೂ ಇವೆ, ಇವನ್ನು ಮನೆಯವರಿಗೂ ಓದಿ ಹೇಳಿ. ಸುಮ್ಮನೆ ಕುಳಿತಿದ್ದರೂ ನಾಡಿ 120ರ ಮೇಲೇ ನಿಂತರೆ, ಬಡಿತ ತಾಳ ತಪ್ಪಿದಂತಿದ್ದರೆ, ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಕೆಮ್ಮಿದಾಗ ರಕ್ತ ಕಂಡರೆ, ದಿಂಬು ಏರಿಸಿಕೊಂಡು ಕೂತರಷ್ಟೇ ಉಸಿರಾಡಲಾಗುತ್ತದೆ ಎಂಬ ಸ್ಥಿತಿ ಬಂದರೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಜೋರು ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆ ನೋವು, ಮುಖ ಮತ್ತು ಕೈ ಊದುವುದು ಬಿಪಿ ಏರಿದ ಗುರುತಾಗಿರಬಹುದು. ರಕ್ತಸ್ರಾವವಾದರೆ, ನೀರು ಹೋದರೆ, ಮಗುವಿನ ಅಲುಗಾಟ ಎಂದಿಗಿಂತ ಕಡಿಮೆ ಎನಿಸಿದರೆ ನಾಳೆ ನೋಡೋಣ ಎನ್ನಬಾರದು. ಇನ್ನೊಂದು ಮಾತು. ಚಿಕ್ಕಂದಿನಲ್ಲಿ ಜ್ವರ ಬಂದು ಕೀಲುಗಳು ಊದಿದ್ದು, ವರ್ಷಗಟ್ಟಲೆ ತಿಂಗಳಿಗೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡಿಸಿದ್ದು ಉಂಟಾ ಎಂದು ಅಮ್ಮನನ್ನು ಕೇಳಿ. ಆ ಜ್ವರದಿಂದ ಹೃದಯದ ಕವಾಟಕ್ಕೆ ತೊಂದರೆಯಾಗಿದ್ದರೆ ಅದು ಎಷ್ಟೋ ಸಲ ಬಸಿರಿನಲ್ಲೇ ಮೊದಲು ಹೊರಬೀಳುತ್ತದೆ. ಇಸಿಜಿ, ಎಕೋ ಎರಡೂ ಮಗುವಿಗೆ ಅಪಾಯವಿಲ್ಲದ ಪರೀಕ್ಷೆಗಳು, ಡಾಕ್ಟರು ಬರೆದುಕೊಟ್ಟರೆ ಹಿಂಜರಿಯಬೇಡಿ. ಥೈರಾಯ್ಡ್ ಪರೀಕ್ಷೆ ಆಗಿದೆಯಾ ಎಂದು ತಾಯಿ ಕಾರ್ಡು ತೆಗೆದು ನೋಡಿ.

ಇವೆಲ್ಲ ನೋಡಿಸಿ ಮುಗಿದ ಮೇಲೂ ಹೆದರಿಕೆ ಉಳಿಯಬಹುದು. ಉಳಿದರೆ ಅದಕ್ಕೂ ಆರೈಕೆ ಬೇಕು, "ಸುಮ್ಮನೆ ಮಲಗು" ಎಂದರೆ ಹೋಗುವಂಥದ್ದಲ್ಲ. ನಿಮ್ಮ ಅತ್ತೆಯ ಕಥೆ ನಿಜ. ಆ ದಡದ ಎಷ್ಟೋ ಹೆಂಗಸರು ಅದನ್ನು ಅನುಭವಿಸಿದ್ದಾರೆ, ಕತ್ತಲಾದ ಮೇಲೆ ಲಾಂಚ್ ಇಲ್ಲ ಎಂದರೆ ಇಲ್ಲವೇ. ಆದರೆ 2025ರ ಜುಲೈಯಲ್ಲಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅತ್ತೆ ಕಾದ ರಾತ್ರಿಯಂಥದ್ದು ನಿಮಗೆ ಬರಬೇಕಾಗಿಲ್ಲ. ಅಂಕಿಯನ್ನೂ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 1 ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ರ ಹೊತ್ತಿಗೆ 69ಕ್ಕೆ ಇಳಿದಿದೆ. ಆ 69 ಕೂಡ ಆಗಬಾರದಿತ್ತು ಎಂದು ನಂಬಿ ಕೆಲಸ ಮಾಡಿದವಳು ನಾನು. ಆದರೂ ನಿಮ್ಮ ಅತ್ತೆಯ ಕಾಲವೇ ಬೇರೆ, ನಿಮ್ಮ ಕಾಲವೇ ಬೇರೆ.

ಚಿಕ್ಕಪ್ಪನ ಮಗಳಿಗೆ ರಕ್ತ ಹೋಗಿದ್ದು ನಿಮ್ಮ ಮನಸ್ಸಿನಲ್ಲಿ ಕೂತಿದೆ, ಅಲ್ಲವಾ? ಮಗು ಹೊರಬಂದ ತಕ್ಷಣ ಹೆರಿಗೆ ಕೋಣೆಯಲ್ಲಿ ಏನು ಮಾಡುತ್ತೇವೆ ಎಂದು ಹೇಳುತ್ತೇನೆ. ಒಂದು ನಿಮಿಷದೊಳಗೆ ತಾಯಿಯ ತೊಡೆಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತೇವೆ, ಗರ್ಭಕೋಶ ಮುದುಡಿ ರಕ್ತ ನಿಲ್ಲಲೆಂದು. ಮಾಸು ಬಿದ್ದ ಮೇಲೆ ಅದು ಪೂರ್ತಿ ಬಂದಿದೆಯಾ ಎಂದು ಬೆಳಕಿಗೆ ಹಿಡಿದು ಅಂಚು ನೋಡುತ್ತೇವೆ. ಆಮೇಲೆ ಹೊಕ್ಕುಳದ ಹತ್ತಿರ ಕೈಯಿಟ್ಟು ಗರ್ಭಕೋಶ ತೆಂಗಿನಕಾಯಿಯಷ್ಟು ಗಟ್ಟಿಯಾಗಿದೆಯಾ ಎಂದು ಮತ್ತೆ ಮತ್ತೆ ಒತ್ತಿ ನೋಡುತ್ತೇವೆ. ಮೆತ್ತಗಾಗಿದ್ದರೆ ಅಲ್ಲೇ ಉಜ್ಜುತ್ತೇವೆ, ಔಷಧ ಹೆಚ್ಚಿಸುತ್ತೇವೆ. ಆ ಒತ್ತುವುದು ನೋಯುತ್ತದೆ, ಬೈಸಿಕೊಂಡಿದ್ದೂ ಉಂಟು. ಹಿಮೋಗ್ಲೋಬಿನ್ ಚೆನ್ನಾಗಿದ್ದ ತಾಯಿ ಸ್ವಲ್ಪ ರಕ್ತ ಹೋದರೂ ತಡೆದುಕೊಳ್ಳುತ್ತಾಳೆ, 8–9 ಇದ್ದವಳಿಗೆ ಅಷ್ಟೇ ರಕ್ತ ಹೋದರೂ ಕಷ್ಟ. ಮಾತ್ರೆಯ ವಿಷಯಕ್ಕೆ ನಾನು ಅಷ್ಟು ಜೋರು ಮಾಡಿದ್ದು ಇದಕ್ಕೇ.

ಇನ್ನು ತಯಾರಿ. ಮಳೆಗಾಲವಾದರೆ ನಿಮ್ಮ ಕಡೆ ಮರ ಬಿದ್ದು ದಾರಿ ಕಟ್ಟುವುದುಂಟು, ಕರೆಂಟ್ ಹೋದರೆ ಫೋನಿಗೆ ಸಿಗ್ನಲ್ಲೂ ಇರುವುದಿಲ್ಲ. ಸಾಗರದಲ್ಲಿ ನೆಂಟರ ಮನೆಯಿದ್ದರೆ ಹೆರಿಗೆ ದಿನಕ್ಕೆ ಎರಡು ವಾರ ಮೊದಲೇ ಅಲ್ಲಿಗೆ ಹೋಗಿ ಉಳಿದುಬಿಡಿ. ಅದು ಆಗದಿದ್ದರೆ ರಾತ್ರಿ ಕರೆದರೂ ಬರುವ ಗಾಡಿಯವರೊಬ್ಬರನ್ನು ಈಗಲೇ ಒಪ್ಪಿಸಿಡಿ. 108 ಇದೆ, ಆಶಾ ಕಾರ್ಯಕರ್ತೆಯ ನಂಬರ್ ಗೋಡೆಯ ಮೇಲೆ ಬರೆದಿಡಿ. ನಿಮ್ಮ ರಕ್ತದ ಗುಂಪು ಏನು, ಅದೇ ಗುಂಪಿನವರು ಮನೆಯಲ್ಲಿ, ನೆರೆಯಲ್ಲಿ ಯಾರಿದ್ದಾರೆ ಎಂದು ಕೇಳಿಟ್ಟುಕೊಳ್ಳಿ. ಹೆರಿಗೆಯಾಗುವ ಆಸ್ಪತ್ರೆಗೆ ಹಗಲಲ್ಲಿ ಒಮ್ಮೆ ಹೋಗಿ ಹೆರಿಗೆ ವಾರ್ಡಿನ ಸಿಸ್ಟರ್‌ಗೆ ಮುಖ ತೋರಿಸಿ, ಮಂಚ, ಬಾಗಿಲು, ಬಚ್ಚಲು ಎಲ್ಲಿದೆ ನೋಡಿಕೊಂಡು ಬನ್ನಿ. ಹೆರಿಗೆ ಹೊತ್ತಿಗೆ ಜೊತೆಗೊಬ್ಬರು ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆಯೇ ಹೇಳಿದೆ, ಹೆತ್ತ ಅನುಭವವಿರುವ ಹೆಂಗಸಾದರೆ ಒಳ್ಳೆಯದು. ಅಮ್ಮ ಗಾಬರಿ ಬೀಳುವವರಾದರೆ ಆ ಚಿಕ್ಕಪ್ಪನ ಮಗಳನ್ನೇ ಕರೆದುಕೊಂಡು ಹೋಗಿ. ಕಷ್ಟ ದಾಟಿ ಬಂದವಳು ಪಕ್ಕದಲ್ಲಿದ್ದರೆ ಧೈರ್ಯ ಬರುತ್ತದೆ. ನೋವು ಒಂದೇ ಸಮ ಬರುವುದಿಲ್ಲ, ಬಂದು ಒಂದು ನಿಮಿಷದಷ್ಟು ಇದ್ದು ಬಿಡುವು ಕೊಡುತ್ತದೆ. ಈಗ ರಾತ್ರಿ ಕಲಿತ ಉದ್ದ ಉಸಿರು ಆಗಲೂ ಕೆಲಸಕ್ಕೆ ಬರುತ್ತದೆ.

ಎರಡು ವಾರ ಕಳೆದರೂ ದಿನಾ ಅಳು, ನಿದ್ದೆಯಿಲ್ಲ, ಯಾವುದೂ ಬೇಡ ಎನಿಸಿದರೆ ಡಾಕ್ಟರಿಗೆ ಅದನ್ನೂ ಹೇಳಿ. 14416 ಟೆಲಿ ಮಾನಸ್, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ಮೇಡಂ, ಹೆಂಡತಿ ಒಂಬತ್ತನೇ ತಿಂಗಳಿಗೆ ತವರಿಗೆ ಹೋಗಿದ್ದಾಳೆ, ನಾನು ಬೆಂಗಳೂರಿನಲ್ಲಿದ್ದೇನೆ. ರಾತ್ರಿ ಫೋನ್ ಮಾಡಿ ಅಳುತ್ತಾಳೆ. "ಏನೂ ಆಗಲ್ಲ, ಧೈರ್ಯವಾಗಿರು" ಎಂದರೆ ಕೋಪ ಮಾಡಿಕೊಂಡು ಫೋನ್ ಇಡುತ್ತಾಳೆ. ಏನು ಹೇಳಲಿ?
— ಬೆಂಗಳೂರು

ಉತ್ತರ: ಹೇಳುವುದಕ್ಕಿಂತ ಕೇಳಿ. "ಇವತ್ತು ಯಾವುದಕ್ಕೆ ಹೆದರಿಕೆ ಆಯ್ತು?" ಎಂದು ಕೇಳಿ, ಅವಳು ಮುಗಿಸುವ ತನಕ ನಡುವೆ ಮಾತಾಡಬೇಡಿ. "ಏನೂ ಆಗಲ್ಲ" ಎಂದರೆ, ಇವರಿಗೆ ನನ್ನ ಕಷ್ಟವೇ ತಿಳಿಯಲಿಲ್ಲ ಎಂದು ಅವಳಿಗೆ ಅನಿಸುತ್ತದೆ. ಅವಳ ಹೆದರಿಕೆಗಳಲ್ಲಿ ನೀವು ಮಾಡಬಲ್ಲ ಕೆಲಸವೊಂದು ಇದ್ದೇ ಇರುತ್ತದೆ. ಗಾಡಿ ಯಾರದು, ದುಡ್ಡು ಯಾರ ಕೈಯಲ್ಲಿದೆ, ಸಿಸೇರಿಯನ್ ಬೇಕಾದರೆ ಸಹಿ ಯಾರು ಹಾಕುತ್ತಾರೆ, ನೀವು ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತೀರಿ. ಒಂದೊಂದಕ್ಕೂ ವ್ಯವಸ್ಥೆ ಮಾಡಿ, ಮಾಡಿದ್ದನ್ನು ಅವಳಿಗೆ ಹೇಳಿ. ಎದೆಬಡಿತ, ಉಸಿರು ಕಟ್ಟುವುದು ಇದೆಯಾ ಎಂದೂ ಕೇಳಿ, ಇದ್ದರೆ ಮೇಲಿನ ಉತ್ತರವನ್ನು ಅವಳಿಗೆ ಓದಿ ಹೇಳಿ. ಸಾಧ್ಯವಾದರೆ ಮುಂದಿನ ತಪಾಸಣೆಗೆ ರಜೆ ಹಾಕಿ ಹೋಗಿ ಅವಳ ಜೊತೆ ಡಾಕ್ಟರ ಮುಂದೆ ಕುಳಿತುಕೊಳ್ಳಿ. ಹೆರಿಗೆಗೆಂದು ತೆಗೆದಿಟ್ಟ ರಜೆಯಲ್ಲಿ ಒಂದು ದಿನ ಅದಕ್ಕೆ ಹೋದರೂ ಚಿಂತೆಯಿಲ್ಲ.