ಗಣಿತ ನೋಟ್‌ಬುಕ್ಕಿನ ಕೊನೆಯ ಪುಟ

(ಹೆಸರು, ಕೆಲಸ, ಮಗುವಿನ ವಯಸ್ಸು ಎಲ್ಲ ಬದಲಿಸಿದ್ದೇನೆ. ಬರೆದದ್ದನ್ನು ಮಗುವಿನ ಅಪ್ಪ ಅಮ್ಮ ಇಬ್ಬರಿಗೂ ತೋರಿಸಿ, ಒಪ್ಪಿಗೆ ಪಡೆದಿದ್ದೇನೆ.)

ನಾನು ಕುಟುಂಬಗಳ ಕೌನ್ಸೆಲರ್. ಸುಮಾ ಮೊದಲ ಸಲ ನನ್ನ ಹತ್ತಿರ ಬಂದದ್ದು ಮಗಳ ಹೊಟ್ಟೆನೋವಿಗೆ. ಒಂಬತ್ತು ವರ್ಷದ ಹುಡುಗಿ, ಇಲ್ಲಿ ಪುಟ್ಟಿ ಅನ್ನೋಣ. ಭಾನುವಾರ ಬೆಳಿಗ್ಗೆ ಆದರೆ ಸಾಕು, ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಸ್ಕ್ಯಾನಿಂಗ್ ಆಯ್ತು, ರಕ್ತ ಪರೀಕ್ಷೆ ಆಯ್ತು, ಜಂತುಹುಳದ ಮಾತ್ರೆಯೂ ಆಯ್ತು. ಏನೂ ಸಿಗಲಿಲ್ಲ. ಕೊನೆಗೆ ಮಕ್ಕಳ ಡಾಕ್ಟರು, "ಭಾನುವಾರ ಮನೇಲಿ ಏನಮ್ಮಾ ನಡೆಯುತ್ತೆ?" ಅಂತ ಕೇಳಿ ಇಲ್ಲಿಗೆ ಕಳಿಸಿದ್ದರು.

ನಡೆಯುತ್ತಿದ್ದದ್ದು ಇಷ್ಟೇ. ಹತ್ತು ಗಂಟೆಗೆ ಅಪ್ಪ ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ. ಒಳಗೆ ಅಜ್ಜಿ, "ಬಂದ ನೋಡು, ತಿಂಗಳಿಗೆ ನಾಲ್ಕು ದಿನದ ಅಪ್ಪ" ಅನ್ನುತ್ತಾರೆ. ಅಮ್ಮ ಜಡೆ ಹಾಕುತ್ತಾ, "ಫೀಸ್ ಯಾವಾಗ ಕಟ್ತಾರಂತೆ ಕೇಳು" ಅನ್ನುತ್ತಾರೆ. ಸಂಜೆ ವಾಪಸ್ ಬಿಡುವಾಗ ಅಪ್ಪ, "ಲಾಯರ್ ಹತ್ರ ಮಾತಾಡೋಕೆ ಹೇಳು ನಿಮ್ಮಮ್ಮಂಗೆ" ಅನ್ನುತ್ತಾರೆ. ಎರಡು ಮನೆಯ ಟಪಾಲು ಹೊರುತ್ತಿದ್ದದ್ದು ಈ ಮಗು.

ಮದುವೆಯಾಗಿ ಹನ್ನೆರಡು ವರ್ಷ. ಸುಮಾ ಬ್ಯಾಂಕ್ ಉದ್ಯೋಗಿ. ರಘು ಬೆಂಗಳೂರಿನಲ್ಲೇ ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದರು. ಲಾಕ್‌ಡೌನ್‌ನಲ್ಲಿ ಮದುವೆ ಕಾರ್ಡುಗಳ ಆರ್ಡರೇ ನಿಂತುಹೋಯಿತು. ಸಾಲ ಮಾಡಿದರು, ಹೆಂಡತಿಗೆ ಹೇಳಲಿಲ್ಲ. ಆಮೇಲೆ ಬೀರುವಿನ ಒಡವೆ ಅಡವಿಟ್ಟರು. ಅದನ್ನೂ ಹೇಳಲಿಲ್ಲ. ಸುಮಾಗೆ ಗೊತ್ತಾದದ್ದು ನಾದಿನಿಯ ಮಗಳ ಮದುವೆಗೆ ಹೊರಟ ದಿನ, ಬೀರು ತೆರೆದಾಗ. ಅದರಲ್ಲಿ ಅವರ ತಾಯಿ ಕೊಟ್ಟ ಅವಲಕ್ಕಿ ಸರವೂ ಇತ್ತು.

ಸುಮಾ ತಾಯಿಯ ಮನೆಗೆ ಬಂದು 14 ತಿಂಗಳಾಗಿತ್ತು. ಸೋದರಮಾವನ ಮನೆಯಲ್ಲಿ ಮೂರು ಸಲ ಪಂಚಾಯ್ತಿ ಆಗಿತ್ತು. ಮೂರು ಸಲವೂ ಒಂದೇ ಮಾತು: "ಮಗು ಮುಖ ನೋಡಿ ಅಡ್ಜಸ್ಟ್ ಮಾಡ್ಕೊಳ್ಳಿ." ನಮ್ಮ ಹಿರಿಯರಿಗೆ ಈ ಒಂದು ಮಾತ್ರೆ ಎಲ್ಲ ಕಾಯಿಲೆಗೂ ಆಗುತ್ತೆ.

ಗಂಡ ಹೆಂಡತಿಯನ್ನು ನಾನು ಮೊದಲೇ ಒಟ್ಟಿಗೆ ಕೂರಿಸುವುದಿಲ್ಲ. ಒಬ್ಬೊಬ್ಬರನ್ನೇ ಕರೆದು ನೇರವಾಗಿ ಕೇಳುತ್ತೇನೆ: ಮನೆಯಲ್ಲಿ ಕೈ ಮಾಡಿದ್ದುಂಟಾ? ಬೆದರಿಕೆ ಇದೆಯಾ? ಅವರ ಎದುರು ಮಾತಾಡೋಕೆ ಭಯ ಆಗುತ್ತಾ? ಹೌದು ಅಂದರೆ ಜಂಟಿ ಮಾತುಕತೆಯ ಪ್ರಶ್ನೆಯೇ ಇಲ್ಲ. 181 ಸಹಾಯವಾಣಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಸುರಕ್ಷಿತವಾಗಿ ಇರಲು ಒಂದು ಜಾಗ, ಮೊದಲು ಅದು. ಹೊಡೆತ ತಿಂದವರನ್ನು ಹೊಡೆದವರ ಪಕ್ಕ ಕೂರಿಸಿ ಸಂಧಾನ ಮಾಡಬಾರದು. ಇಲ್ಲಿ ಹಾಗೇನೂ ಇರಲಿಲ್ಲ. ಇದ್ದದ್ದು ಸುಳ್ಳು, ಮತ್ತು ಆ ಸುಳ್ಳು ಸುಮಾ ಒಳಗೆ ಸುಟ್ಟುಹಾಕಿದ್ದ ನಂಬಿಕೆ. ಮತ್ತೆ ಕೂಡಿ ಬಾಳುವ ಬಗ್ಗೆಯೂ ಕೇಳಿದೆ. ಸುಮಾ ಒಂದೇ ಮಾತು ಹೇಳಿದರು: "ಮೇಡಂ, ಈಗಲೂ ಅವರು ನಿಜ ಹೇಳಿದ್ರೂ ನಾನು ಬೀರು ನೋಡ್ತೀನಿ." ಮತ್ತೆ ಕೇಳಲಿಲ್ಲ.

ಪುಟ್ಟಿಯ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಎರಡನೇ ಭೇಟಿಯಲ್ಲೇ, ಸಲಿಗೆ ಬೆಳೆಯುವ ಮೊದಲೇ, "ನಿಂಗೆ ಯಾರ ಮನೇಲಿ ಇರೋದು ಇಷ್ಟ?" ಅಂತ ಕೇಳಿಬಿಟ್ಟೆ. ಇಪ್ಪತ್ತು ವರ್ಷದ ಅನುಭವ ಇದ್ದೂ ಬಾಯಿ ಜಾರಿತು. ಅವಳು ನನ್ನನ್ನೇ ನೋಡಿ, "ನೀವು ಅವರಿಗೆ ಹೇಳ್ತೀರಾ?" ಅಂದಳು. ಮುಂದಿನ ಎರಡು ಭೇಟಿ ಬಾಯಿ ಬಿಡಲಿಲ್ಲ. ಸುಮ್ನೆ ಬಣ್ಣ ಹಚ್ಚುತ್ತಾ ಕೂತಳು. ನಾನೂ ಕೂತೆ.

ಐದನೇ ಸಲ ತಾನಾಗೇ ಗಣಿತದ ನೋಟ್‌ಬುಕ್ ತೆಗೆದು ಕೊನೆಯ ಪುಟ ತೋರಿಸಿದಳು. ಎರಡು ಸಾಲು ಗೀಟುಗಳು, ಐದೈದರ ಕಟ್ಟು. ಒಂದು ಸಾಲಿನ ತಲೆಯ ಮೇಲೆ 'ಪ್ಪ', ಇನ್ನೊಂದರ ಮೇಲೆ 'ಮ್ಮ'. 'ಅ' ಬರೆದರೆ ಇಬ್ಬರಿಗೂ ಒಂದೇ ಆಗುತ್ತಲ್ಲ, ಅದಕ್ಕೆ. ಏನು ಲೆಕ್ಕ ಅಂತ ಕೇಳಿದೆ. ಒಬ್ಬರ ಮುಂದೆ ಇನ್ನೊಬ್ಬರ ಬಗ್ಗೆ 'ಹೂಂ' ಅಂದದ್ದರ ಲೆಕ್ಕ. ಅಜ್ಜಿ ಅಪ್ಪನನ್ನು ಬೈದಾಗ ಹೂಂ ಅಂದರೆ ಒಂದು ಗೀಟು. ಅಪ್ಪ ಅಮ್ಮನನ್ನು ದೂರಿದಾಗ ಹೂಂ ಅಂದರೆ ಆ ಕಡೆ ಒಂದು. ಎರಡೂ ಸಾಲು ಸಮ ಇರಬೇಕು. "ಭಾನುವಾರ ಜಾಸ್ತಿ ಆಗಿಬಿಡುತ್ತೆ ಆಂಟಿ, ಸರಿ ಮಾಡೋಕೆ ಆಗಲ್ಲ."

ಅವಳ ಅನುಮತಿ ಕೇಳಿ ಆ ಪುಟವನ್ನು ಅಪ್ಪ ಅಮ್ಮನಿಗೆ ತೋರಿಸಿದೆ. ಆವತ್ತೇ ಅವರಿಬ್ಬರನ್ನು ಮೊದಲ ಸಲ ಒಟ್ಟಿಗೆ ಕೂರಿಸಿದ್ದು. ರಘು ಗೀಟುಗಳನ್ನು ಎಣಿಸಲು ಶುರು ಮಾಡಿ, ಅರ್ಧಕ್ಕೆ ಬಿಟ್ಟರು.

ಆಗ ಕೊಟ್ಟ ಸಲಹೆಗಳು ದೊಡ್ಡವೇನಲ್ಲ. ಪುಟ್ಟಿಯ ಕೈಲಿ ಯಾವ ಸಂದೇಶವನ್ನೂ ಕಳಿಸಬೇಡಿ, ಒಳ್ಳೆಯದನ್ನೂ. ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಳ್ಳಿ, ಅದರಲ್ಲಿ ಸ್ಕೂಲು, ಆರೋಗ್ಯ, ಫೀಸು, ಕರೆದೊಯ್ಯುವ ಹೊತ್ತು, ಇಷ್ಟೇ ಇರಲಿ. ಕೋಪ ಬಂದಾಗ ಟೈಪ್ ಮಾಡಿ, ಕಳಿಸುವುದು ಮಾರನೇ ದಿನ. ಗೇಟಿನ ಭೇಟಿಯನ್ನೇ ತೆಗೆದುಹಾಕಿ. ಪುಟ್ಟಿಗೆ ಶನಿವಾರ ಮಧ್ಯಾಹ್ನ ಡ್ರಾಯಿಂಗ್ ಕ್ಲಾಸ್ ಇತ್ತು. ಅಮ್ಮ ಅಲ್ಲಿಗೆ ಬಿಡುವುದು, ಅಪ್ಪ ಅಲ್ಲಿಂದ ಕರೆದೊಯ್ಯುವುದು, ಸೋಮವಾರ ಬೆಳಿಗ್ಗೆ ಅಪ್ಪನೇ ಸ್ಕೂಲಿಗೆ ಬಿಡುವುದು. ವಾರ ಬಿಟ್ಟು ವಾರ. ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ, ಹಾರ್ನ್ ಇಲ್ಲ, ಅಜ್ಜಿಯ ಹಿನ್ನೆಲೆ ಮಾತಿಲ್ಲ.

ಅಜ್ಜಿಯ ಕಥೆಯೇ ಬೇರೆ. "ನಂಗ್ಯಾಕೆ ಕೌನ್ಸೆಲಿಂಗು, ನಂಗೇನು ಹುಚ್ಚಾ?" ಅನ್ನುತ್ತಲೇ ಬಂದರು. ಅವಲಕ್ಕಿ ಸರ ಅವರ ಅತ್ತೆಯದು. ಅಳಿಯನನ್ನು ಕ್ಷಮಿಸಿ ಅಂತ ನಾನು ಹೇಳಲಿಲ್ಲ, ಹೇಳುವ ಹಕ್ಕೂ ನನಗಿಲ್ಲ. ಮೊಮ್ಮಗಳ ಕಿವಿಗೆ ಬೀಳದ ಹಾಗೆ ಬೈಯಿರಿ, ತಡೆಯೋಕೆ ಆಗದಿದ್ದರೆ ನನಗೆ ಫೋನ್ ಮಾಡಿ ಬೈಯಿರಿ ಅಂದೆ. ಎರಡು ಸಲ ನಿಜವಾಗಿಯೂ ಮಾಡಿದರು.

ಮಗುವಿಗೆ ವಿಷಯ ಹೇಳುವುದನ್ನು ಇಬ್ಬರೂ ನನ್ನ ಮುಂದೆ ಒಂದು ಸಲ ಹೇಳಿ ನೋಡಿಕೊಂಡರು. "ನಾವಿಬ್ಬರೂ ಇನ್ನು ಒಂದೇ ಮನೇಲಿ ಇರಲ್ಲ. ಇದು ದೊಡ್ಡೋರ ತೀರ್ಮಾನ. ನಿನ್ನಿಂದ ಆಗಿದ್ದಲ್ಲ, ನೀನು ಸರಿ ಮಾಡಬೇಕಾಗೂ ಇಲ್ಲ." ಅಮ್ಮ ಅರ್ಧ, ಅಪ್ಪ ಅರ್ಧ. ಅಳು ಬರಬಹುದು ಅಂತ ನಾವು ಮೂವರೂ ತಯಾರಾಗಿದ್ದೆವು. ಪುಟ್ಟಿ ಕೇಳಿದ್ದು, "ಹಾಗಾದ್ರೆ ನನ್ನ ಸೈಕಲ್ ಎಲ್ಲಿರುತ್ತೆ?"

ಇಷ್ಟರಲ್ಲಿ ಕೋರ್ಟಿನ ಕೆಲಸವೂ ನಡೆದಿತ್ತು. ಸುಮಾ ಹಾಕಿದ್ದು ಗಂಡನ ಮೇಲೆ ಆರೋಪ ಇರುವ ವಿಚ್ಛೇದನದ ಅರ್ಜಿ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ಮೊದಲು ರಾಜಿಗೆ ಪ್ರಯತ್ನ ಮಾಡುವುದು ಕೋರ್ಟಿನ ಕರ್ತವ್ಯ. ಹಾಗಾಗಿ ಕೇಸು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಯಿತು. 2007ರಿಂದ ನಡೆಯುತ್ತಿರುವ ಕೇಂದ್ರ ಅದು. ಕೋರ್ಟು ಕಳಿಸಿದ ಕೇಸಿಗೆ ಅಲ್ಲಿ ಫೀಸಿಲ್ಲ.

ಜಾಸ್ತಿ ಜನ ನನ್ನ ಕೆಲಸವನ್ನೂ ಮಧ್ಯಸ್ಥರ ಕೆಲಸವನ್ನೂ ಒಂದೇ ಅಂದುಕೊಳ್ಳುತ್ತಾರೆ. ನಾನು ಮನಸ್ಸಿನ ಜೊತೆ ಕೂರುತ್ತೇನೆ. ಮಧ್ಯಸ್ಥರು ದುಡ್ಡು, ಒಡವೆ, ಜೀವನಾಂಶ, ಮಗುವಿನ ಕಸ್ಟಡಿ ಇವನ್ನೆಲ್ಲ ಮೇಜಿನ ಮೇಲಿಟ್ಟು ಒಂದು ಒಪ್ಪಂದಕ್ಕೆ ತರುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಅಲ್ಲಿ ಆಡಿದ ಮಾತು ಜಡ್ಜ್ ಕಿವಿಗೆ ಹೋಗುವುದಿಲ್ಲ, ಒಪ್ಪಂದ ಆಯ್ತಾ ಇಲ್ಲವಾ ಅನ್ನುವುದಷ್ಟೇ ಹೋಗುತ್ತದೆ. ಸುಮಾಗೆ ಇದು ಗೊತ್ತಿರಲಿಲ್ಲ. ಬಾಯಿ ಬಿಟ್ಟರೆ ಕೇಸಿಗೆ ಪೆಟ್ಟು ಅಂತ ಮೊದಲ ಎರಡು ಸಲ ತುಟಿ ಬಿಚ್ಚಲಿಲ್ಲ.

ಮೂರನೇ ಸಲ ಮಧ್ಯಸ್ಥರು ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದಾಗ ಸುಮಾ ಹೇಳಿದ್ದು ಇದು: ಉಳಿದ ಒಡವೆ ಹೋದರೆ ಹೋಗಲಿ, ಅವಲಕ್ಕಿ ಸರ ಮಾತ್ರ ಬೇಕು. ಇದನ್ನು ರಘುಗೆ ಹೇಳಬಹುದಾ ಅಂತ ಮಧ್ಯಸ್ಥರು ಕೇಳಿ, ಒಪ್ಪಿಗೆ ಪಡೆದೇ ಹೇಳಿದರು. ಅಲ್ಲಿಯವರೆಗೆ ರಘು ತಲೆಯಲ್ಲಿ ಇದ್ದದ್ದು ಒಡವೆಯ ಪೂರ್ತಿ ಬೆಲೆಯ ಲೆಕ್ಕ, ತೀರಿಸಲಾರದ ಲೆಕ್ಕ. ಪ್ರೆಸ್ಸಿನ ಒಂದು ಮಷೀನ್ ಮಾರಿ ಸರ ಬಿಡಿಸಿ ಕೊಡುತ್ತೇನೆ ಅಂದರು. ಆಮೇಲೆ ಉಳಿದದ್ದು ಬೇಗ ಮುಗಿಯಿತು. ಆರೋಪದ ಅರ್ಜಿ ಹೋಗಿ, ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಪರಸ್ಪರ ಒಪ್ಪಿಗೆಯ ಅರ್ಜಿ ಬಂತು.

ಈ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾದು, ಇಬ್ಬರೂ ಎರಡನೇ ಸಲ ಕೋರ್ಟಿನ ಮುಂದೆ ಕೇಳಿಕೊಳ್ಳಬೇಕು. 2017ರಲ್ಲಿ ಅಮರ್‌ದೀಪ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ತಕ್ಕ ಸಂದರ್ಭ ಇದ್ದರೆ ಈ ಕಾಯುವಿಕೆಯನ್ನು ಮನ್ನಾ ಮಾಡಬಹುದು ಅಂದಿದೆ. ಬೇರೆಯಾಗಿ ಆಗಲೇ 20 ತಿಂಗಳು ದಾಟಿತ್ತು, ಎಲ್ಲ ಇತ್ಯರ್ಥವೂ ಆಗಿತ್ತು. ಮನ್ನಾಕ್ಕೆ ಅರ್ಜಿ ಹಾಕೋಣ ಅಂತ ಇಬ್ಬರ ವಕೀಲರೂ ಹೇಳಿದರು. ಕಾನೂನಿನಲ್ಲಿ ಅವರ ಮಾತು ಸರಿ. ಹಿಂಸೆಯಿಂದ ಪಾರಾಗಿ ಬಂದವರಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇವರಿಗೆ ಮಾತ್ರ ಕಾಯಿರಿ ಅಂದೆ. ಕಾಗದದಲ್ಲಿ ಬರೆದ ಮಗುವಿನ ವೇಳಾಪಟ್ಟಿ ಮನೆಯಲ್ಲಿ ನಡೆಯುತ್ತದಾ ಅಂತ ನೋಡಲು ಇದೇ ಹೊತ್ತು. ಎರಡನೇ ಸಲ ಕೋರ್ಟಿಗೆ ಹೋಗುವ ಮೊದಲು ತಿದ್ದಿಕೊಂಡರೆ ಆಮೇಲೆ ಕೋರ್ಟಿಗೆ ಅಲೆಯುವುದು ತಪ್ಪುತ್ತದೆ.

ನಾವು ಬರೆದದ್ದು ಮೂರು ಕಡೆ ಮುರಿಯಿತು. ಸೋಮವಾರ ಪುಟ್ಟಿ ಯೂನಿಫಾರ್ಮ್ ಇಲ್ಲದೆ ಸ್ಕೂಲಿಗೆ ಹೋದಳು. ಅಪ್ಪನ ಮನೆಯಲ್ಲಿ ಇನ್ನೊಂದು ಜೊತೆ ಹೊಲಿಸಿಟ್ಟರು, ಮುಗಿಯಿತು. ದಸರಾ ರಜೆ ಅರ್ಧ ಅರ್ಧ ಅಂತ ಬರೆದಿದ್ದೆವು, ಆದರೆ ಆಯುಧಪೂಜೆಗೆ ಪ್ರೆಸ್ಸಿನಲ್ಲಿ ಅವಳು ಇರಲೇಬೇಕು ಅಂತ ರಘು. ಗೌರಿ ಹಬ್ಬ ಪ್ರತಿ ವರ್ಷ ಅಮ್ಮನಿಗೆ, ಆಯುಧಪೂಜೆ ಪ್ರತಿ ವರ್ಷ ಅಪ್ಪನಿಗೆ, ದೀಪಾವಳಿ ವರ್ಷ ಬಿಟ್ಟು ವರ್ಷ ಅಂತ ತಿದ್ದಿದೆವು. ಮೂರನೆಯದು ದುಡ್ಡು, ಐದನೇ ತಾರೀಕಿಗೆ ಬರಬೇಕಾದ್ದು ಒಂದೆರಡು ತಿಂಗಳು ತಡವಾಯಿತು. ತಡ ಆಗುತ್ತೆ ಅಂತ ಮೊದಲೇ ತಿಳಿಸುವುದು ಅಂತ ಒಪ್ಪಿಕೊಂಡರು. ಸುಮಾಗೆ ಬೇಕಾದ್ದೂ ಅದೇ, ಮುಚ್ಚಿಡದೇ ಇರುವುದು.

ಹೊಟ್ಟೆನೋವು ಒಂದೇ ಸಲ ಹೋಗಲಿಲ್ಲ. ನಾಲ್ಕನೇ ತಿಂಗಳಲ್ಲಿ ಕೇಳಿದಾಗ, ಯಾವಾಗ ನಿಂತಿತು ಅಂತ ಸುಮಾಗೇ ನೆನಪಿರಲಿಲ್ಲ. ವಿಚ್ಛೇದನದ ಡಿಕ್ರಿ, ಅಂದರೆ ಕೋರ್ಟಿನ ಆದೇಶ, ಬಂದ ವಾರ ರಘು ಸರ ತಂದುಕೊಟ್ಟರು. ಅಜ್ಜಿ ತೂಕ ಹಾಕಿಸಿ ನೋಡಿಯೇ ಒಳಗಿಟ್ಟರು.

ಸೈಕಲ್ ಯಾವ ಮನೆಯಲ್ಲಿ ಇರಬೇಕು ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಡ್ರಾಯಿಂಗ್ ಟೀಚರ್ ಮನೆಯ ಮೆಟ್ಟಿಲ ಕೆಳಗಿದೆ.